ನಲವತ್ತು ವರ್ಷಗಳ ಗೈರುಹಾಜರಿ

ನಮ್ಮ ಬೀದಿಯಲ್ಲಿ ಎಲ್ಲರಿಗೂ ಒಂದೊಂದು ಹಿಂದಿನ ಜನ್ಮ ಸಿಕ್ಕಿದ ಬೇಸಿಗೆ ಅದು. ಪುರಭವನದಲ್ಲಿ ಯಾರೋ ಒಬ್ಬರು ಬಂದು, ನಾವು ಇವತ್ತು ಹೀಗಿರುವುದಕ್ಕೆಲ್ಲ ಹೋದ ಜನ್ಮವೇ ಕಾರಣ, ಕಣ್ಣು ಮುಚ್ಚಿ ಕೂತರೆ ಎಲ್ಲ ನೆನಪಾಗುತ್ತದೆ ಎಂದು ಭಾಷಣ ಮಾಡಿ ಹೋಗಿದ್ದರು. ಬೀದಿಯವರೆಲ್ಲ ಮನೆಗೆ ಬಂದು ಕಣ್ಣು ಮುಚ್ಚಿ ಕೂತರು. ಕ್ಷೌರದಂಗಡಿಯವನಿಗೆ ತಾನು ಸೇನಾಪತಿಯಾಗಿದ್ದದ್ದು ನೆನಪಾಯಿತು. ಕತ್ತಿ ಹಿಡಿಯುವ ಕೈಚಳಕ ಸುಮ್ಮನೆ ಬರುತ್ತದೆಯೇ ಎಂದು ಅವನು ಗಿರಾಕಿಯ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಕೇಳುತ್ತಿದ್ದುದರಿಂದ ಯಾರೂ ಇಲ್ಲವೆನ್ನಲಿಲ್ಲ. ಔಷಧಿ ಅಂಗಡಿಯವನು ರಾಜವೈದ್ಯನಾಗಿದ್ದ. ಒಂದೇ ಮಹಡಿಯಲ್ಲಿ ಎದುರುಬದುರು ಮನೆಯ ಇಬ್ಬರು ಹೆಂಗಸರು ಒಬ್ಬನೇ ರಾಜನ ಪಟ್ಟದರಾಣಿಯರಾಗಿದ್ದು, ಬಟ್ಟೆ ಒಣಗಿಸುವ ಹಗ್ಗದ ವಿಷಯದಲ್ಲಿ ಆ ಜನ್ಮದ ಸಿಟ್ಟನ್ನು ಈ ಜನ್ಮದಲ್ಲಿ ತೀರಿಸಿಕೊಳ್ಳುತ್ತಿದ್ದರು.

ಹಿಂದಿನ ಜನ್ಮವಿಲ್ಲದೆ ಉಳಿದವನು ಜೋಂಪಣ್ಣನೊಬ್ಬನೇ.

ಅವನು ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಾಸಿಗೆ ಎಷ್ಟು ಮೆತ್ತಗಿದೆ ಎಂದು ಗಿರಾಕಿಗಳಿಗೆ ಮಲಗಿ ತೋರಿಸುವುದು ಅವನ ಕೆಲಸದ ಒಂದು ಭಾಗ. ಮಲಗಿದ ಮೇಲೆ ಎದ್ದು ಬೆಲೆ ಹೇಳುವುದು ಇನ್ನೊಂದು ಭಾಗ. ಎರಡನೆಯ ಭಾಗ ಅಷ್ಟಾಗಿ ನಡೆಯುತ್ತಿರಲಿಲ್ಲ. ಬೆನ್ನು ತಾಗಿದ್ದೇ ತಡ, ಅವನ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಬಸ್ಸಿನಲ್ಲಿ ನಿಂತು, ಬ್ಯಾಂಕಿನ ಸಾಲಿನಲ್ಲಿ ಮುಂದಿನವರ ಬೆನ್ನಿಗೆ ಒರಗಿ, ತನ್ನದೇ ಮದುವೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾ, ಅವನು ಎಲ್ಲೆಲ್ಲೂ ಜೋಂಪು ಹತ್ತಿ ಹೋದವನೇ. ಹೀಗಾಗಿ ಆ ಹೆಸರು. ಹಿಂದಿನ ಜನ್ಮ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿ ಕೂತಾಗಲೆಲ್ಲ ಅವನಿಗೆ ನಿದ್ದೆ ಬಂದು, ಎಚ್ಚರವಾದಾಗ ಇದೇ ಜನ್ಮ ಇರುತ್ತಿತ್ತು.

"ಬೇಜಾರು ಮಾಡ್ಕೋಬೇಡಿ," ಎಂದಳು ಅವನ ಹೆಂಡತಿ, "ನಿಮಗೆ ಈ ಜನ್ಮವೇ ಇನ್ನೂ ಶುರುವಾಗಿಲ್ಲ. ಹಿಂದಿಂದು ಎಲ್ಲಿಂದ ಬರತ್ತೆ."

ಪಕ್ಕದ ಮನೆಯ ಅಜ್ಜಿ ಒಂದು ಮಧ್ಯಾಹ್ನ ಅವನನ್ನು ಕರೆದರು. ಎಪ್ಪತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ನಲವತ್ತು ವರ್ಷವಾಗಿತ್ತು. ಮಗ ಹೈಸ್ಕೂಲಿನ ಹೆಡ್‌ಮಾಸ್ಟರು. "ಏನಪ್ಪಾ ಜೋಂಪು, ನನ್ನ ಹಾಸಿಗೆ ಒಂದು ಕಡೆ ತಗ್ಗಾಗಿದೆ, ಸ್ವಲ್ಪ ನೋಡ್ತೀಯಾ?" ಎಂದರು. ಹಾಸಿಗೆ ನೋಡುವುದೆಂದರೆ ಜೋಂಪಣ್ಣನಿಗೆ ಗೊತ್ತಿದ್ದ ವಿಧಾನ ಒಂದೇ. ಮಲಗಿದ. ಅಜ್ಜಿ ಟೀ ಮಾಡಲು ಒಳಗೆ ಹೋದರು. ಕಿಟಕಿಯ ಪರದೆ ಉಸಿರಾಡುವಂತೆ ಒಳಗೂ ಹೊರಗೂ ಆಡುತ್ತಿತ್ತು. ಬಿಸಿಲಿನ ಒಂದು ಪಟ್ಟಿಯಲ್ಲಿ ಹತ್ತಿಯ ಎಳೆಯೊಂದು ಕೆಳಗಿಳಿಯಲು ಮನಸ್ಸಿಲ್ಲದೆ ತೇಲುತ್ತಿತ್ತು. ಅದು ಇಳಿಯುವುದರೊಳಗೆ ಅವನು ಇಳಿದುಹೋಗಿದ್ದ.

ಅಂಗಡಿಯ ಗವಾಕ್ಷಿಯಿಂದ ಗುಬ್ಬಿಗಳು ಬಂದು ಗೂಡಿಗೆಂದು ಹತ್ತಿ ಕದಿಯುತ್ತಿದ್ದವು, ಮಾಲೀಕರು ಅವುಗಳ ಮೇಲೆ ಕೆಂಡ ಕಾರುತ್ತಿದ್ದರು. ಆ ಗುಬ್ಬಿಯೊಂದು ಜೋಂಪಣ್ಣನ ಕನಸಿನೊಳಗೂ ಬಂತು. ಅವನು ನಿದ್ದೆಯಲ್ಲಿ, ಕರಗಿಹೋಗುವಂಥ ದನಿಯಲ್ಲಿ ಹೇಳಿದ: "ಗುಬ್ಬೀ... ಹೋಗ್ಬೇಡ ಗುಬ್ಬೀ... ಇರು, ನಾನಿದ್ದೀನಿ."

ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. ಅವರನ್ನು ಗುಬ್ಬಿ ಎಂದು ಕರೆಯುತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ. ಅದೂ ಮಗನ ಕಿವಿಗೆ ಬೀಳದಂತೆ.

ಜೋಂಪಣ್ಣನಿಗೆ ಎಚ್ಚರವಾದಾಗ ಟೀ ಆರಿಹೋಗಿತ್ತು. ಅಜ್ಜಿ ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದರು.

"ಎದ್ರಾ?" ಎಂದರು.

ಬಹುವಚನ ಕೇಳಿ ಅವನು ತನ್ನ ಹಿಂದೆ ಯಾರು ಬಂದು ನಿಂತಿದ್ದಾರೆಂದು ತಿರುಗಿ ನೋಡಿದ. ಗೋಡೆ ಮಾತ್ರ ಇತ್ತು.

"ಅಜ್ಜಿ, ಹಾಸಿಗೆ ಒಳಗಿನ ಹತ್ತಿ..."

"ಅಜ್ಜಿ ಅನ್ಬೇಡಿ. ನಿಮಗಿಂತ ನಾಲ್ಕು ವರ್ಷ ಚಿಕ್ಕವಳು ನಾನು. ಇನ್ನು ಯಾರ ಹತ್ರ ಮುಚ್ಚಿಡ್ತೀರಿ. ಎಂಜಿನ್ ಜ್ಞಾಪಕ ಇದೆಯಾ?"

"ಎಂಜಿನ್ನಾ?"

"ರಾತ್ರಿ ರೈಲು ಓಡಿಸ್ತಿದ್ರಲ್ಲ. ಹನ್ನೆರಡು ವರ್ಷ ನೆಟ್ಟಗೆ ಒಂದು ರಾತ್ರಿ ಮಲಗಲಿಲ್ಲ. ಆ ನಿದ್ದೆಯೆಲ್ಲ ಎಲ್ಲಿಗೆ ಹೋಗತ್ತೆ? ಈಗ ಮಾಡ್ತಿದ್ದೀರಿ. ನನಗೆ ಮೊದಲೇ ಹೊಳೀಬೇಕಿತ್ತು."

ಗುಬ್ಬಿಯ ವಿಷಯ ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಅದು ಬಾಯಿತನಕ ಬಂದಿತ್ತು ಕೂಡ. ಆದರೆ ಹುಟ್ಟಿದಾಗಿನಿಂದ ಸೋಮಾರಿ ಎನಿಸಿಕೊಂಡವನಿಗೆ ಯಾರೋ ಮೊದಲ ಬಾರಿಗೆ, ನೀನು ಸೋಮಾರಿಯಲ್ಲ, ದಣಿದವನು ಎಂದಿದ್ದರು. ಅದೂ ಎಂಜಿನ್ ಡ್ರೈವರ್. ಸೇನಾಪತಿಯಷ್ಟು ದೊಡ್ಡ ಹುದ್ದೆಯಲ್ಲ ನಿಜ, ಆದರೆ ಸೇನಾಪತಿಗೆ ಸೀಟಿ ಎಲ್ಲಿತ್ತು?

"ಸ್ವಲ್ಪ ಸ್ವಲ್ಪ," ಎಂದ ಜೋಂಪಣ್ಣ.

ಅವನು ಹೇಳಿದ ಸುಳ್ಳು ಇಷ್ಟೇ. ಮಿಕ್ಕಿದ್ದನ್ನೆಲ್ಲ ಬೀದಿಯವರು ಪೂರೈಸಿದರು.

ಸಂಜೆಗೆ ಸುದ್ದಿ ಹೆಂಡತಿಗೆ ತಲುಪಿತು. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಕೇಳಿ ಮುಗಿಯುವವರೆಗೂ ಚಾಕು ನಿಲ್ಲಿಸಲಿಲ್ಲ.

"ಹಾಗಾದ್ರೆ ನಾನು ಎರಡನೆಯವಳು."

"ಹಾಗಲ್ಲ ಕಣೇ..."

"ಹೋಗ್ಲಿ, ಹಿರಿಯರು ಒಬ್ರು ಇದ್ರೆ ಮನೆಗೆ ಒಳ್ಳೇದು."

ಹಿರಿಯರು ಮರುದಿನವೇ ಬಂದರು. "ನೋಡಮ್ಮ, ನಿನ್ನ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ. ನನ್ನ ತಂಗಿ ಇದ್ದ ಹಾಗೆ ನೀನು. ಆದ್ರೆ ಅವರಿಗೆ ಕಾಲರ್ ಗಟ್ಟಿ ಇದ್ರೆ ಆಗಲ್ಲ, ಇಸ್ತ್ರಿ ಮಾಡುವಾಗ ನೋಡ್ಕೋ," ಎಂದರು. ಹೆಂಡತಿಗೆ ಒಂದು ವಾರದಲ್ಲೇ ಇದರ ಅನುಕೂಲ ತಿಳಿಯಿತು. ಅವಳು ಬೆಳಿಗ್ಗೆ ಗದರಿಸಿ ಸುಸ್ತಾದರೆ ಸಂಜೆಯ ಪಾಳಿಯನ್ನು ಅಜ್ಜಿ ವಹಿಸಿಕೊಳ್ಳುತ್ತಿದ್ದರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಅವನ ದೋಷಗಳನ್ನು ತಾಳೆ ನೋಡುತ್ತಿದ್ದರು. ಎರಡೂ ಜನ್ಮದಲ್ಲಿ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಹಾಕುವವನೇ ಎಂದು ಗೊತ್ತಾದಾಗ ಹೆಂಡತಿಗೂ ಸ್ವಲ್ಪ ನಂಬಿಕೆ ಬಂತು.

ತೊಂದರೆ ಇದ್ದದ್ದು ಮಾತಿನಲ್ಲಿ. ಜೋಂಪಣ್ಣ ಅಭ್ಯಾಸಬಲದಿಂದ "ನೀವು ಊಟ ಮಾಡಿದ್ರಾ" ಎಂದು ಕೇಳಿದರೆ ಅಜ್ಜಿಯ ಮುಖ ಬಾಡುತ್ತಿತ್ತು. "ನನ್ನನ್ನ ಹೊರಗಿನವರ ಥರ ನೀವು ಅಂತೀರಲ್ಲ, ಇನ್ನೂ ಕೋಪ ಹೋಗಿಲ್ವಾ?" ಅವನು ಏಕವಚನಕ್ಕಿಳಿದರೆ ಹೆಡ್‌ಮಾಸ್ಟರ ಮುಖ ಕೆಂಪಾಗುತ್ತಿತ್ತು. ಕೊನೆಗೆ ಅವನು ವಚನವೇ ಇಲ್ಲದ ವಾಕ್ಯಗಳನ್ನು ಕಲಿತ. "ಊಟ ಆಯ್ತಾ?" "ನಿದ್ದೆ ಬಂತಾ?" "ಬಿಸಿಲು ಜೋರು." ವ್ಯಾಕರಣದಲ್ಲಿ ಅಷ್ಟು ಎಚ್ಚರವಾಗಿದ್ದದ್ದು ಅವನ ಆಯುಷ್ಯದಲ್ಲೇ ಮೊದಲು.

ಹೆಡ್‌ಮಾಸ್ಟರು ಐವತ್ತು ದಾಟಿದವರು. ಜೋಂಪಣ್ಣನೇನು, ಬೀದಿಯ ನಾಯಿಗಳು ಕೂಡ ಅವರನ್ನು ಕಂಡರೆ ಸಾಲಾಗಿ ನಿಲ್ಲುತ್ತಿದ್ದವು. ಅವರು ಒಂದು ಸಂಜೆ ಹಾಸಿಗೆ ಅಂಗಡಿಗೆ ಬಂದು, ಬಾಗಿಲು ಮುಂದೆ ಮಾಡಿ, "ಏನಯ್ಯಾ, ಇದೇನು ನಾಟಕ?" ಎಂದು ಶುರುಮಾಡಿದರು.

"ಸಾರ್, ನಾನು ಹೇಳೋದನ್ನ..."

"ನೀನೇನೂ ಹೇಳ್ಬೇಡ. ನಮ್ಮಮ್ಮ ಕನ್ನಡಿ ಮುಂದೆ ನಿಂತು ತಲೆ ಬಾಚ್ಕೊಳ್ತಿದ್ದಾರೆ. ಹಾಡು ಗುನುಗ್ತಿದ್ದಾರೆ. ಅವರಿಗೆ ಹಾಡು ಬರತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ." ಇಷ್ಟು ಹೇಳಿ ಅವರು ಸ್ಪ್ರಿಂಗ್ ಹಾಸಿಗೆಯೊಂದರ ತುದಿಯಲ್ಲಿ ಕೂತರು. ಹಾಸಿಗೆ ಅವರನ್ನು ಮೆಲ್ಲಗೆ ಮೇಲೆತ್ತಿ ಮತ್ತೆ ಕೆಳಗಿಳಿಸಿತು. ಆಮೇಲೆ, ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರಂತೆ ಎದ್ದು ಕೈಕಟ್ಟಿಕೊಂಡು ಹೇಳಿದರು: "ಲೆಕ್ಕದಲ್ಲಿ ಫಸ್ಟ್ ಬಂದಿದ್ದೆ. ನೀವು ತೀರಿಹೋದ ವರ್ಷ. ಹೇಳೋಕಾಗಲಿಲ್ಲ."

ಜೋಂಪಣ್ಣನ ಕೈ ತಾನಾಗಿ ಎದ್ದು ಹೆಡ್‌ಮಾಸ್ಟರ ನರೆತ ತಲೆಯ ಮೇಲೆ ಕೂತಿತು. "ಜಾಣ," ಎಂದುಬಿಟ್ಟ. ಹೇಳಿದ ಮೇಲೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಹೆಡ್‌ಮಾಸ್ಟರು ರಸ್ತೆಯಲ್ಲಿದ್ದರು. ದೊಡ್ಡ ಹೆಜ್ಜೆ ಹಾಕುತ್ತಾ, ಚೀಲ ಬೀಸುತ್ತಾ ಹೋಗುತ್ತಿದ್ದರು.

ಅಂಗಡಿಯ ಮಾಲೀಕರು ಇದನ್ನೆಲ್ಲ ದಿಂಬುಗಳ ಹಿಂದಿನಿಂದ ನೋಡಿ, ಮರುದಿನದಿಂದ ಗಿರಾಕಿಗಳಿಗೆ ಹೇಳತೊಡಗಿದರು. "ಇವರು ಹೋದ ಜನ್ಮದಲ್ಲಿ ಕಣ್ಣು ಮುಚ್ಚದೆ ರೈಲು ಓಡಿಸಿದವರು. ಈ ಜನ್ಮದಲ್ಲಿ ಮಲಗೋಕೆ ಊರಲ್ಲಿರೋ ಹಾಸಿಗೆಯನ್ನೆಲ್ಲ ಬಿಟ್ಟು ನಮ್ಮ ಹಾಸಿಗೆ ಆರಿಸಿಕೊಂಡಿದ್ದಾರೆ. ಎಬ್ಬಿಸ್ಬೇಡಿ, ದೂರದಿಂದ ನೋಡಿ." ಜನ ಚಪ್ಪಲಿ ಸದ್ದಾಗದಂತೆ ಬಂದು ನೋಡಿ, ಪಿಸುಮಾತಿನಲ್ಲೇ ಬೆಲೆ ಒಪ್ಪಿ ಹೋಗುತ್ತಿದ್ದರು. ಅಂಗಡಿಯಲ್ಲಿ ಇಡೀ ದಿನ ಒಂದು ಬಗೆಯ ಸಂಜೆ ಆವರಿಸಿರುತ್ತಿತ್ತು.

ಎಲ್ಲ ಹೀಗೇ ತೇಲಿಕೊಂಡು ಹೋಗುತ್ತಿತ್ತೇನೋ. ಆದರೆ ಅಜ್ಜಿ ಪ್ರಾಮಾಣಿಕರು. ಗಂಡ ವಾಪಸ್ ಬಂದ ಮೇಲೂ ಸತ್ತವರ ಪಟ್ಟಿಯಲ್ಲಿ ಅವರ ಹೆಸರಿರುವುದು ತಪ್ಪು ಎಂದು ಅವರಿಗೆ ಅನ್ನಿಸಿತು. ಒಳ್ಳೆಯ ಸೀರೆ ಉಟ್ಟು, ಜೋಂಪಣ್ಣನನ್ನು ಕರೆದುಕೊಂಡು ರೈಲ್ವೆ ಆಫೀಸಿಗೆ ಹೋದರು.

ಅಲ್ಲಿನ ಅಧಿಕಾರಿ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಎಲ್ಲವನ್ನೂ ಕೇಳಿದರು. ಮೇಲಿನ ಫ್ಯಾನು ತಿರುಗಲೋ ಬೇಡವೋ ಎನ್ನುತ್ತಿತ್ತು.

"ಮೃತರು ಎಲ್ಲಿದ್ದಾರೆ?" ಎಂದರು.

"ಇಲ್ಲೇ ಇದ್ದೀನಿ ಸಾರ್," ಎಂದ ಜೋಂಪಣ್ಣ.

"ನಿಂತ್ಕೊಳ್ಳಿ. ನೀವು ಸತ್ತಿದ್ದು ನಿಜವಾ?"

"ಅವರು ಹೇಳ್ತಾರೆ ಸಾರ್."

"ನೋಡಿ, ಸಾಯೋದಕ್ಕೆ ನಮ್ಮ ನಿಯಮದಲ್ಲಿ ಅವಕಾಶ ಇದೆ. ವಾಪಸ್ ಬರೋದಕ್ಕೂ ಬೇಡ ಅಂತ ಎಲ್ಲೂ ಬರೆದಿಲ್ಲ. ಆದ್ರೆ ಬಂದ ತಕ್ಷಣ ಡ್ಯೂಟಿಗೆ ಹಾಜರಾಗಬೇಕಿತ್ತು. ನೀವು ಹುಟ್ಟಿ ಎಷ್ಟು ವರ್ಷ ಆಯ್ತು?"

"ನಲವತ್ತು ಆಗ್ತಾ ಬಂತು ಸಾರ್."

"ಹೆಚ್ಚುಕಮ್ಮಿ ನಲವತ್ತು ವರ್ಷ ರಜೆ ಹಾಕದೆ ಗೈರುಹಾಜರಿ." ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. "ಸತ್ತ ದಿನ ಸಂಜೆ ಪಾಳಿಯ ಎಂಜಿನ್ ಯಾರಿಗೆ ಒಪ್ಪಿಸಿ ಹೋದ್ರಿ?"

"ನಾನು... ಹೊರಟೇ ಹೋಗಿದ್ದೆ ಸಾರ್."

"ಹೇಳದೆ ಹೋದ್ರಿ. ಇದಕ್ಕೆ ಏನು ಸಮಜಾಯಿಷಿ ಕೊಡ್ತೀರಿ? ನಿಧಾನವಾಗಿ ಯೋಚನೆ ಮಾಡಿ. ಅಲ್ಲೀವರೆಗೆ ನಮ್ಮ ಮಟ್ಟಿಗೆ ನೀವು ಸತ್ತವರೇ. ಅದೇ ನಿಮಗೆ ಕ್ಷೇಮ."

ಜೋಂಪಣ್ಣನಿಗೆ ಜೀವ ಬಂದಂತಾಯಿತು. ಆದರೆ ಮನೆಗೆ ಬರುವ ದಾರಿಯಲ್ಲಿ, ರೈಲು ಹಳಿಯ ಪಕ್ಕದ ಮರಗಳ ನೆರಳಲ್ಲಿ, ಅಜ್ಜಿ ನಡಿಗೆ ನಿಲ್ಲಿಸಿದರು.

"ಆ ಸಾಹೇಬರು ಕೇಳಿದ್ದು ಬಿಡಿ. ನನಗೂ ಒಂದು ಕೇಳೋದಿದೆ. ನೀವು ಬಂದ ದಿನದಿಂದ ಕೇಳ್ಬೇಕು ಅಂತಿದ್ದೆ, ಧೈರ್ಯ ಬರಲಿಲ್ಲ."

ಅವರು ಹೇಳಿದ್ದು ಇಷ್ಟು. ಆ ದಿನ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದ ಗಂಡನಿಗೆ ಮತ್ತೆ ಡ್ಯೂಟಿಗೆ ಬರಬೇಕೆಂದು ಕರೆ ಬಂದಿತ್ತು. ಅವರು ಹೊರಟರು. ಅಜ್ಜಿಗೆ ರೇಗಿತು. "ಎಂಜಿನ್ ಜೊತೆಗೇ ಸಂಸಾರ ಮಾಡಿ, ಈ ಮನೆಗೆ ಬರಲೇಬೇಡಿ" ಎಂದುಬಿಟ್ಟರು. ಗಂಡ ಅಂಗಳ ದಾಟಿ ಗೇಟಿನ ಹತ್ತಿರ ಹೋಗಿ, ತಿರುಗಿ ನಿಂತು ಏನೋ ಹೇಳಿದರು. ಅದೇ ಹೊತ್ತಿಗೆ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ತುಟಿ ಅಲುಗಿದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ. ಏನೆಂದು ಕೇಳಲು ಇವರಿಗೆ ಬಿಗುಮಾನ. ಒಳಗೆ ಬಂದುಬಿಟ್ಟರು. ಸಂಜೆ ಗಂಡ ಸ್ಟೇಷನ್ನಿನ ಬೆಂಚಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

"ಬೈದ್ರಾ? ಆಯ್ತು ಬರಲ್ಲ ಅಂದ್ರಾ? ಏನಂದ್ರಿ? ಬೈದಿದ್ರೂ ಪರವಾಗಿಲ್ಲ. ನಿಧಾನವಾಗಿ ಜ್ಞಾಪಿಸ್ಕೊಳ್ಳಿ. ಭಾನುವಾರ ಹೇಳಿ ಸಾಕು."

ಆ ರಾತ್ರಿ ಜೋಂಪಣ್ಣನಿಗೆ ನಿದ್ದೆ ಬರಲಿಲ್ಲ. ಇದು ಎಷ್ಟು ದೊಡ್ಡ ಸಂಗತಿಯೆಂದರೆ ಹೆಂಡತಿ ಬೆಳಿಗ್ಗೆ ಅವನ ಹಣೆ ಮುಟ್ಟಿ ಜ್ವರ ನೋಡಿದಳು. ಅಂಗಡಿಯಲ್ಲಿ ಅವನು ಮಲಗಿ ಕಣ್ಣು ತೆರೆದೇ ಇದ್ದ. ಗಿರಾಕಿಗಳು ವಾಪಸಾದರು.

ಅಷ್ಟರಲ್ಲಿ ಸಲಹೆಗಳು ಬರತೊಡಗಿದವು. ಸೇನಾಪತಿ ಸೋಪಿನ ನೊರೆ ಕಲಸುತ್ತಾ, "ದೊಡ್ಡದಾಗಿ ಏನಾದ್ರೂ ಹೇಳಪ್ಪ. ಏಳೇಳು ಜನ್ಮಕ್ಕೂ ನೀನೇ ಅಂತ," ಎಂದ. ರಾಜವೈದ್ಯ, "ವಯಸ್ಸಾದವರು, ಎದೆ ಮೇಲೆ ಭಾರ ಬೀಳೋ ಥರ ಹೇಳ್ಬೇಡ. ಊಟಕ್ಕೆ ಮುಂಚೆ ಅರ್ಧ ಹೇಳು, ಊಟ ಆದ್ಮೇಲೆ ಅರ್ಧ," ಎಂದ. ಮಾಲೀಕರು, "ಸಂಜೆ ಬಂದು ಒಳ್ಳೆ ಹಾಸಿಗೆ ಕೊಡಿಸ್ತೀನಿ ಅಂದೆ ಅಂತ ಹೇಳು, ಎಲ್ಲರಿಗೂ ಉಪಯೋಗ," ಎಂದರು. ಪಟ್ಟದರಾಣಿಯರು ಮೊದಲ ಬಾರಿಗೆ ಒಮ್ಮತಕ್ಕೆ ಬಂದು, ಕ್ಷಮಿಸು ಎಂಬುದನ್ನು ಬಿಟ್ಟರೆ ಗಂಡಸಿನ ಬಾಯಿಂದ ಹೆಂಗಸು ಕೇಳಬೇಕಾದ ಬೇರೆ ಮಾತೇ ಇಲ್ಲವೆಂದರು. ಹೆಡ್‌ಮಾಸ್ಟರು ಮಾತ್ರ ಗೇಟಿನ ಬಳಿ ತಡೆದು ಮೆಲ್ಲಗೆ ಹೇಳಿದರು. "ನೀನು ಯಾರು ಅಂತ ನನಗೆ ಗೊತ್ತು. ಆದ್ರೂ ಭಾನುವಾರ ನಮ್ಮಮ್ಮನಿಗೆ ಏನು ಹೇಳ್ತೀಯೋ, ಯೋಚನೆ ಮಾಡಿ ಹೇಳು."

ಹೆಂಡತಿಯನ್ನು ಕೇಳಿದ. ಅವಳು ಶರ್ಟಿನ ಗುಂಡಿ ಹೊಲಿಯುತ್ತಾ, "ಇದ್ದದ್ದು ಹೇಳಿ. ಅವರು ನಲವತ್ತು ವರ್ಷ ಕಾದಿದ್ದು ನಿಮ್ಮ ಕಥೆ ಕೇಳೋಕಲ್ಲ," ಎಂದಳು.

ಭಾನುವಾರ ಬೆಳಿಗ್ಗೆ ಅಜ್ಜಿಯ ಹಜಾರದಲ್ಲಿ ಇಬ್ಬರು ಕೂರುವ ಜಾಗದಲ್ಲಿ ಐದು ಜನ ಕೂತಿದ್ದರು. ಯಾರೂ ಅದಕ್ಕೆಂದು ಬಂದವರಲ್ಲ. ಒಬ್ಬರು ಏಣಿ ಕೇಳಲು, ಒಬ್ಬರು ಪೇಪರ್ ಕೊಡಲು, ಹೀಗೆ. ಅಜ್ಜಿ ಕಿಟಕಿಯ ಪಕ್ಕ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಜೋಂಪಣ್ಣ ಅವರ ಮುಂದೆ ನೆಲದ ಮೇಲೆ ಕೂತ.

"ಅಜ್ಜಿ," ಎಂದ.

ಆ ಒಂದು ಮಾತಿಗೇ ಅವರಿಗೆ ಅರ್ಧ ತಿಳಿಯಿತು. ಮಿಕ್ಕ ಅರ್ಧವನ್ನು ಅವನು ಹೇಳಿದ. ಅಂಗಡಿಯ ಗವಾಕ್ಷಿ, ಹತ್ತಿ, ಗುಬ್ಬಿ, ಕನಸು. "ನನಗೆ ಎಂಜಿನ್ ಜ್ಞಾಪಕ ಇಲ್ಲ. ಸೈಕಲ್ ಕೂಡ ಸರಿಯಾಗಿ ಬರಲ್ಲ. ಅವರು ಏನು ಹೇಳಿದ್ರು ಅಂತ ನನಗೆ ಗೊತ್ತಿಲ್ಲ ಅಜ್ಜಿ. ತಪ್ಪಾಯ್ತು."

ಏಣಿ ಕೇಳಲು ಬಂದವರು ಏಣಿ ಬೇಡವೆಂಬಂತೆ ಎದ್ದರು. ಅಜ್ಜಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಅವನ ಕಡೆ ತಿರುಗಿ, ಕೋಪವಿಲ್ಲದೆ, ತಿಳಿದುಕೊಳ್ಳುವ ಆಸೆಯಿಂದ ಕೇಳಿದರು:

"ಹೋಗ್ಲಿ. ಕೆಲಸಕ್ಕೆ ಹೋಗುವಾಗ ಗೇಟಿನ ಹತ್ರ ತಿರುಗಿ ನಿಂತು ನೀನು ಏನು ಹೇಳ್ತೀಯ?"

"ನಾನಾ? ನಾನು ಏನೂ ಹೇಳಲ್ಲ."

"ಹೇಳ್ತಾರೆ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. "ದಿನಾ ತಿರುಗಿ ನಿಂತು, ಬೀಗದ ಕೈ ತಗೊಂಡ್ನಾ ಅಂತ ಕೇಳ್ತಾರೆ. ಜಗಳ ಆಗಿದ್ರೂ ಕೇಳ್ತಾರೆ. ಜಗಳ ಆಗಿದೆ ಅನ್ನೋದೂ ಮರೆತುಹೋಗಿರತ್ತೆ ಇವರಿಗೆ."

"ದಿನಾನಾ?"

"ಮದುವೆಯಾದಾಗಿಂದ."

ಅಜ್ಜಿಯ ಹುಬ್ಬು ಗಂಟಿಕ್ಕಿತು, ಆಮೇಲೆ ಒಂದೊಂದೇ ಎಳೆಯಾಗಿ ಸಡಿಲವಾಯಿತು. ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ಟೋಪಿ ಇತ್ತು. ಡ್ಯೂಟಿಯ ಕಪ್ಪು ಟೋಪಿ, ಅಂಚು ಮಾಸಿದ್ದು.

"ಆವತ್ತು ಇದು ಮೊಳೆಯಲ್ಲೇ ನೇತಾಡ್ತಿತ್ತು," ಎಂದರು. "ಸಿಟ್ಟಿಗೆ ಬಿಟ್ಟು ಹೋದ್ರು ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ." ಟೋಪಿಯ ಅಂಚು ಸವರಿ, "ಟೋಪಿ ಕೊಡು ಅಂದಿರಬೇಕು ಕಣೇ," ಎಂದರು ಹೆಂಡತಿಗೆ. "ಅಷ್ಟೇ ಅಂದಿರಬೇಕು. ಅವರಿಗೂ ಮರೆತೇಹೋಗಿರತ್ತೆ, ಜಗಳ ಆಗಿದ್ದು."

ಹೇಳಿದವರು ನಗತೊಡಗಿದರು. ಮೊದಲು ಮೂಗಿನಲ್ಲಿ, ಆಮೇಲೆ ಹೆಗಲು ಅಲುಗುವಂತೆ, ಕಣ್ಣಲ್ಲಿ ನೀರು ಸುರಿಯುವಂತೆ. ಹೆಡ್‌ಮಾಸ್ಟರು ಗಾಬರಿಯಿಂದ ನೀರು ತರಲು ಓಡಿದರು. ಅಜ್ಜಿ ನಗುತ್ತಲೇ ಮೆಟ್ಟಿಲಿಳಿದು, ಬಿಸಿಲಿನ ಅಂಗಳ ದಾಟಿ ಗೇಟಿಗೆ ಹೋದರು. ಗೇಟಿನ ಮೇಲಿಂದ ಟೋಪಿಯನ್ನು ಹೊರಗೆ ಚಾಚಿ ಹಿಡಿದು, ಯಾರಾದರೂ ನಾಲ್ಕು ಹೆಜ್ಜೆ ವಾಪಸ್ ಬಂದು ತೆಗೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತರು. ನಾವೆಲ್ಲ ಹಿಂದೆ ಬಂದು ಮೆಟ್ಟಿಲ ಮೇಲೆ ನಿಂತಿದ್ದೆವು. ಬೀದಿ ಖಾಲಿಯಿತ್ತು. ಬಿಸಿಲಿಗೆ ರಸ್ತೆಯ ತುದಿ ನೀರಿನಂತೆ ಅಲುಗುತ್ತಿತ್ತು.

ಆ ಅಲುಗುವ ಕಡೆಯಿಂದ ಒಬ್ಬ ಮನುಷ್ಯ ಬಂದ. ಯಾರೂ ನೋಡಿದವನಲ್ಲ. ಬೋಳುತಲೆ, ಕೈಯಲ್ಲಿ ಸಣ್ಣ ಚೀಲ, ಬಿರುಸು ನಡಿಗೆ. ತಲೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಗೇಟಿನ ಮುಂದೆ ಬಂದವನು ಚಾಚಿದ ಟೋಪಿ ನೋಡಿ ನಿಂತ. ಅಜ್ಜಿಯ ಮುಖ ನೋಡಿದ.

"ಸದ್ಯ. ಇದೇ ಬೇಕಾಗಿತ್ತು ನೋಡಿ," ಎಂದು ಟೋಪಿ ತೆಗೆದುಕೊಂಡು ತಲೆಗಿಟ್ಟುಕೊಂಡ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅವನು ಸ್ಟೇಷನ್ನಿನ ದಿಕ್ಕಿಗೆ ಹೊರಟ.

ನೀರಿನ ಲೋಟ ಹಿಡಿದು ಬಂದ ಹೆಡ್‌ಮಾಸ್ಟರು ಮೆಟ್ಟಿಲ ಮೇಲಿಂದ ಟೋಪಿ ಹೋಗುವುದನ್ನು ಕಂಡರು. ಆಮೇಲೆ ಲೋಟವನ್ನು ಜೋಂಪಣ್ಣನ ಕೈಗೆ ತುರುಕಿ, "ರೀ ಸ್ವಾಮಿ, ನಿಲ್ರಿ, ಯಾರ್ರೀ ನೀವು, ಅದು ನಮ್ಮಪ್ಪಂದು..." ಎನ್ನುತ್ತಾ ಗೇಟಿನ ಕಡೆ ಧಾವಿಸಿದರು.

ಅಜ್ಜಿ ಗೇಟಿಗೆ ಅಡ್ಡ ಕೈಯಿಟ್ಟು ಮಗನನ್ನು ತಡೆದರು. ಕಣ್ಣು ಮಾತ್ರ ಬೀದಿಯ ತಿರುವಿನಲ್ಲಿ ಕಿರಿದಾಗುತ್ತಿದ್ದ ಆ ಕಪ್ಪು ಟೋಪಿಯ ಮೇಲಿತ್ತು.

"ಸುಮ್ನಿರೋ," ಎಂದರು. "ಕರೆದು ನಿಲ್ಲಿಸಿದ್ರೆ ಹೊತ್ತಾಗತ್ತೆ ಅವರಿಗೆ."